ಅರವತ್ತು ಮಸುಕು ಫೋಟೊಗಳು

ಶ್ರೀಪತಿ ಮಾಡಿದ ತಪ್ಪು ಒಂದೇ. ಹಂಪಿಯ ಬಾಳೆತೋಟವೊಂದರಲ್ಲಿ ನಿಂತು, ಕಾಲುವೆಯಾಚೆಯ ದೊಡ್ಡ ಬಂಡೆಯತ್ತ ಕೈಮಾಡಿ, "ಅಲ್ಲಿ ಮ್ಯಾಲೆ ಏನೋ ಬರದಂಗದಲ್ರೀ?" ಎಂದು ಗಟ್ಟಿಯಾಗಿ ಕೇಳಿಬಿಟ್ಟ.

ಅವನು ಹೊಸಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅಗ್ಗದ ಕ್ಯಾಮೆರಾದಲ್ಲಿ ಒಂದೇ ವಸ್ತುವಿನ ಅರವತ್ತು ಮಸುಕು ಫೋಟೊ ತೆಗೆದು, ಲೆಕ್ಕಾಚಾರದಿಂದ ಬೆಸೆದು, ಒಂದು ಸ್ಪಷ್ಟ ಚಿತ್ರ ಹೊರತೆಗೆಯುವ ಪ್ರೋಗ್ರಾಂಗಾಗಿ ಮೂರು ವರ್ಷ ಸವೆಸಿದ್ದ. ಅಂದು ಸಂಜೆ ಐದಕ್ಕೆ ತಜ್ಞರ ಸಮಿತಿ ವಿಡಿಯೊ ಕರೆಯಲ್ಲಿ ಅದನ್ನು ನೋಡಲಿತ್ತು; ತೋರಿಸಲು ದೂರದ ಕಲ್ಲಬರಹವೊಂದನ್ನು ಹುಡುಕುತ್ತ ಇಲ್ಲಿಗೆ ಬಂದಿದ್ದ. ಮೆಚ್ಚಿದರೆ ಅವನಿಗೊಂದು ಪ್ರಯೋಗಾಲಯ. ಇಲ್ಲದಿದ್ದರೆ ನಿವೃತ್ತಿಯವರೆಗೂ ಮಕ್ಕಳಿಗೆ ಲೋಲಕ ಆಡಿಸಿ ತೋರಿಸುವುದೇ ಗತಿ.

ತೋಟದ ಯಜಮಾನ ಮುದುಕಪ್ಪ ಬಂಡೆಯ ಮಾತು ಬಂದದ್ದೇ ಬೆವೆತುಹೋದ. "ಅದೇನಿಲ್ಲ ಸಾರ್, ಕಾಗಿ ಹೊಲಸು. ಬ್ಯಾರೆ ಕಲ್ಲು ನೋಡ್ಕೋರಿ."

ದಾರಿಯಲ್ಲಿ ಹೋಗುತ್ತಿದ್ದ ಗೈಡ್ ಹಾಲಸ್ವಾಮಿ ಸೈಕಲ್ ನಿಲ್ಲಿಸಿದ. "ಕಾಗಿ ಎಲ್ಲ್ಯಾರ ಸಾಲು ಹಿಡಿದು ಕುಂದ್ರತಾವೇನಲೇ? ಶಾಸನ ಅದು! ರಾಯರ ಕಾಲದ್ದು!"

ಅರ್ಧ ಗಂಟೆಯಲ್ಲಿ ಊರೇ ನೆರೆಯಿತು. ನಿಧಿಯ ಗುರುತು ಎಂದರು ಕೆಲವರು. ಹತ್ತಿ ನೋಡೋಣವೆಂದರೆ ಬಂಡೆಯ ನೆತ್ತಿಗೆ ಹೆಜ್ಜೇನು. ಮುದುಕಪ್ಪನ ಹೆಂಡತಿ ವಿರುಪಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು ಮುಂದಿನ ಸಾಲಿನಲ್ಲೇ ಕೂತಳು.

ಶ್ರೀಪತಿ ಫೋಟೊ ತೆಗೆಯತೊಡಗಿದ. ಮುದುಕಪ್ಪ ಗುದ್ದಲಿ ತರುವವನಂತೆ ಎದ್ದು ಬಂದು ಸ್ಟ್ಯಾಂಡಿಗೆ ಕಾಲು ತಾಗಿಸಿದ. ಕ್ಯಾಮೆರಾ ಸೀನು ಬಂದ ಮುದುಕನಂತೆ ಅದುರಿತು.

"ಅಯ್ಯ, ತಪ್ಪಾತು ಸಾರ್!"

"ತಪ್ಪೆಲ್ಲಿ? ಭಾಳ ಚಲೋ ಆತು! ಒಂದೊಂದು ಫೋಟೊನೂ ಕೂದಲೆಳಿಯಷ್ಟು ಸರದಿದ್ರನ ಒಂದರಾಗ ಇಲ್ಲದ್ದು ಇನ್ನೊಂದರಾಗ ಸಿಗತದ. ಇನ್ನೊಂದು ಸಲ ತಾಗಸ್ರಿ!"

ಮುದುಕಪ್ಪ ಕೆಮ್ಮಿದ, ಎಡವಿದ, ಎಮ್ಮೆಯನ್ನೂ ಹಾಯಿಸಿದ. ಅವನು ಕೆಡಿಸಿದಷ್ಟೂ ಕೆಲಸ ಹಸನಾಯಿತು.

ಬಿಸಿಲಿಗೆ ಲ್ಯಾಪ್‌ಟಾಪ್ ಕಾಣದೆ ಶ್ರೀಪತಿ ತಲೆಯ ಮೇಲೆ ಟವೆಲ್ ಎಳೆದುಕೊಂಡ. ಮುದುಕಪ್ಪನೂ ಒಳಗೆ ತಲೆ ತೂರಿಸಿದ. ಪರದೆಯ ಮೇಲಿನ ಮಸಿ ಮೆಲ್ಲಗೆ ಗೆರೆಯಾಯಿತು, ಗೆರೆ ಅಕ್ಷರವಾಯಿತು. ಮೇಲಿನ ಸಾಲು: ಮುದುಕಪ್ಪ. ಕೆಳಗಿನ ಸಾಲು: ಎರ್ರಮ್ಮ. ನಡುವೆ ಹಿಂಡಿದ ಬದನೆಕಾಯಿಯಂಥದೊಂದು ಹೃದಯ.

ಶ್ರೀಪತಿಗೆ ಕುಣಿಯುವಷ್ಟು ಸಂತೋಷ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಗೆದ್ದಿದ್ದ! ಪಕ್ಕದಲ್ಲಿ ಮುದುಕಪ್ಪ ಎರಡೂ ಕೈ ಜೋಡಿಸಿದ್ದ.

"ಹದಿನೆಂಟನೇ ವರ್ಷದ ಹುಚ್ಚು ಸಾರ್. ಆಕಿ ಸಂಡೂರಿಗೆ ಮದುವ್ಯಾಗಿ ಹೋದ್ಲು. ಇದು ವಿರುಪಿ ಕಣ್ಣಿಗೆ ಬಿದ್ರ ಈ ವಯಸ್ಸಿನಾಗ ನಾ ಎಲ್ಲಿಗೆ ಹೋಗ್ಲಿ?"

ಹೊರಗಿನಿಂದ ವಿರುಪಮ್ಮ ಕೂಗಿದಳು: "ಏನ್ ಬಂತ್ರೀ ಸಾರ್?"

ಅಷ್ಟರಲ್ಲಿ ಐದಾಯಿತು. ಸಮಿತಿಯ ಕರೆ ಬಂತು. ಹಾಲಸ್ವಾಮಿ ಟವೆಲ್ ಕಿತ್ತೆಸೆದ. ಶ್ರೀಪತಿ ಮುದುಕಪ್ಪನ ಮುಖ ನೋಡಿದ, ನಿಟ್ಟುಸಿರಿಟ್ಟ. ಒಂದು ಗುಂಡಿ ಒತ್ತಿ, ಗೆದ್ದ ಚಿತ್ರವನ್ನು ಗಂಜಿಯಂತೆ ಕಲಸಿ ತೋರಿಸಿದ.

ಹಿರಿಯ ತಜ್ಞರು ಕನ್ನಡಕ ಒರೆಸಿಕೊಂಡರು. "ಶ್ರೀಪತಿಯವರೆ, ನಿಮ್ಮ ವಿಧಾನದಿಂದ ಮೂಲಕ್ಕಿಂತಲೂ ಮಸುಕಾಗಿದೆಯಲ್ಲ! ನಾಳೆ ಹತ್ತಕ್ಕೆ ಇನ್ನೊಂದು ಚಿತ್ರ ತೋರಿಸಿ. ಅದೇ ಕೊನೆ."

ಜನ ಗೊಣಗುತ್ತ ಚದುರಿದರು. ವಿರುಪಮ್ಮ ಒಂದು ಚಿಪ್ಪು ಬಾಳೆಹಣ್ಣು ತಂದಿಟ್ಟು ಮೆಲ್ಲಗೆ ಕೇಳಿದಳು: "ಎರ್ರಮ್ಮ ಅಂತ ಇತ್ತಲ್ರೀ?"

"ನಿಮಗ ಹೆಂಗ ಗೊತ್ತಾತು?" ಎಂದ ಶ್ರೀಪತಿ.

"ನಾ ಇದ ಊರಾಕಿ. ಜೇನು ಕೂಡೋಕಿಂತ ಮೊದ್ಲು ದಿನಾ ಹುಲ್ಲು ಕೊಯ್ಯಾಕ ಆ ಕಲ್ಲು ಹತ್ತತಿದ್ದೆ. ಪಾಪ, ನಮ್ಮನಿಯವ್ರು ಗಾಬ್ರಿ ಬೀಳತಾರಂತ ಇವತ್ತಿನತನಕ ಗೊತ್ತಿಲ್ಲದಂಗ ಅದೀನಿ. ನೀವೂ ಹೇಳಬ್ಯಾಡ್ರಿ."

ಶ್ರೀಪತಿ ತಲೆಯಾಡಿಸಿ ಒಪ್ಪಿದ. ಹೋಗಲಿ, ತೋಟಕ್ಕೆ ಬರುವಾಗ ಬಂಡೆಯ ಆಚೆ ಮುಖದಲ್ಲೂ ಏನೋ ಗೆರೆ ಕಂಡಿದ್ದವು. ಹೊತ್ತು ಮುಳುಗುವುದರೊಳಗೆ ಅವನ್ನಾದರೂ ತೆಗೆದುಕೊಳ್ಳೋಣವೆಂದು ಸ್ಟ್ಯಾಂಡ್ ಹೆಗಲಿಗೇರಿಸಿ ಕಾಲುವೆಯ ಕಡೆ ಹೊರಟ.

ವಿರುಪಮ್ಮ ಓಡಿಬಂದು ಸ್ಟ್ಯಾಂಡ್ ಹಿಡಿದು ಜಗ್ಗಿದಳು. "ಆ ಮಖ ಬ್ಯಾಡ್ರಿ ಸಾರ್!"

"ಯಾಕಮ್ಮಾ?"

ಆಕೆ ಬಾಳೆಗಿಡಗಳ ನಡುವೆ ನೀರು ತಿರುವುತ್ತಿದ್ದ ಗಂಡನನ್ನು ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಆ ಕಡಿ ಕೆತ್ತಿದಾಕಿ ನಾನ. ಅದರಾಗ ಇವರ ಹೆಸರಿಲ್ರಿ."