ಸವಣೂರಿನ ಫೋಟೋ ಅಂಗಡಿಯ ಕರಿ ಕೋಟಿಗೆ

ಆಡೂರು, ಹಾನಗಲ್ಲ ತಾಲೂಕು,
ಬಹುಧಾನ್ಯ ಸಂವತ್ಸರದ ಚೈತ್ರ ಮಾಸ, ೧೯೩೮

ಶ್ರೀಮಾನ್ ಕರಿ ಕೋಟು ಅವರ ಸನ್ನಿಧಿಗೆ,

ಮಾನ್ಯರೇ,

ಸವಣೂರಿನ ರಾಜೇಸಾಬರ ಫೋಟೋ ಅಂಗಡಿಯಲ್ಲಿ, ಬಣ್ಣದ ಪರದೆಯ ಪಕ್ಕದ ಮೊಳೆಯ ಮೇಲೆ ವಿರಾಜಮಾನರಾಗಿರುವ ತಮಗೆ ಆಡೂರಿನ ಕನ್ನಡ ಶಾಲೆಯ ಮಾಸ್ತರ ಚನ್ನವೀರಪ್ಪನು ನಿಂತಲ್ಲಿಂದಲೇ ಮಾಡುವ ನಮಸ್ಕಾರಗಳು. ಬಗ್ಗಿ ನಮಸ್ಕರಿಸಬೇಕಿತ್ತು, ಆದರೆ ಬಗ್ಗುವುದೆಂದರೆ ನನಗೆ ಈಚೆಗೆ ಅಂಜಿಕೆ, ಅದರ ಕಾರಣ ತಮಗೂ ಗೊತ್ತು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು, ವಿಶೇಷವಾಗಿ ಬಲಗಂಕುಳಿನ ಹೊಲಿಗೆಯ ಕ್ಷೇಮವನ್ನು, ಆಗಾಗ ತಿಳಿಸುತ್ತಿರಬೇಕು. ತಮಗೆ ಓದಲು ಬಾರದೆಂದು ಬಲ್ಲೆ. ಆದರೆ ಇದು ಬಹಿರಂಗ ಪತ್ರ, ತಮ್ಮೊಳಗೆ ಯಾವಾಗಲೂ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ, ಅವರಾದರೂ ಓದಿ ಹೇಳಿಯಾರು ಎಂದು ನಂಬಿದ್ದೇನೆ.

ಮೊದಲು ತಮ್ಮ ಉಪಕಾರವನ್ನು ಸ್ಮರಿಸಬೇಕು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಕಡೆಯ ಲಗ್ನದ ವಯಸ್ಸಿನ ಗಂಡುಮಕ್ಕಳಲ್ಲಿ ತಮ್ಮ ತೋಳಿನಲ್ಲಿ ಕೈ ತೂರಿಸದವನು ಸಿಗುವುದು ಕಷ್ಟ. ನನ್ನನ್ನೂ ರಾಜೇಸಾಬರು ಮುಖ ತೊಳೆಸಿ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು, ಕೆನ್ನೆಗೆ ಪೌಡರು ಬಳಿದು, ಕಡೆಗೆ ತಮ್ಮೊಳಗೆ ಇಳಿಸಿದರು. ನನ್ನಂಥವರು ಇಬ್ಬರು ಹಿಡಿಯುವಷ್ಟು ತಾವು ವಿಶಾಲ ಹೃದಯದವರಾದ್ದರಿಂದ, ಹೆಚ್ಚಾದ ಬಟ್ಟೆಯನ್ನು ಬೆನ್ನ ಹಿಂದೆ ಮಡಿಚಿ ಸಾಲಾಗಿ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿದರು. ಕೈಗೆ ಅಂಗಡಿಯದೇ ಒಂದು ಗಡಿಯಾರ ಕಟ್ಟಿ, “ಉಸುರು ಬಿಡಬ್ಯಾಡ್ರಿ ಮಾಸ್ತರ, ಬಿಟ್ರ ಕೋಟು ಇಳೀತೈತಿ” ಎಂದು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದರು. ಹೊರಬಂದ ಚಿತ್ರದಲ್ಲಿ ಕುಳಿತಿದ್ದ ಗೃಹಸ್ಥನನ್ನು ಕಂಡು ನನ್ನ ತಾಯಿ ನಾಗವ್ವ, ಯಾರೋ ಸಾಹೇಬರೆಂದು ತಿಳಿದು ಸೆರಗು ಸರಿಮಾಡಿಕೊಂಡಳು.

ಆ ಚಿತ್ರ ತಡಸಕ್ಕೆ ಹೋಯಿತು. ತಡಸದಿಂದ ಸರೋಜವ್ವ ಎಂಬ ಕನ್ಯೆಯ ಚಿತ್ರ ನಮ್ಮಲ್ಲಿಗೆ ಬಂತು. ಆಕೆ ಮುಂಗೈ ಕಾಣುವಂತೆ ಕುರ್ಚಿಯ ಮೇಲೆ ಕೈಯೂರಿ ನಿಂತಿದ್ದಳು, ಮುಂಗೈಯಲ್ಲಿ ಗಡಿಯಾರವಿತ್ತು, ಗಡಿಯಾರದಲ್ಲಿ ನಾಲ್ಕೂಕಾಲು ಆಗಿತ್ತು. ನನ್ನ ಚಿತ್ರದ ಗಡಿಯಾರದಲ್ಲೂ ನಾಲ್ಕೂಕಾಲು. ನನ್ನ ತಾಯಿ ಎರಡನ್ನೂ ಜಗಲಿಯ ಮೇಲೆ ಜೋಡಿಸಿಟ್ಟು, “ಇಬ್ಬರದೂ ಒಂದ ಗಳಿಗಿ ಕೂಡಿ ಬಂದೈತಿ, ಇದು ಶಿವನ ಇಚ್ಛಾ” ಎಂದು ಊದಿನಕಡ್ಡಿ ಬೆಳಗಿದಳು. ಆ ಗಡಿಯಾರ ಯಾರದೆಂದು, ಅದು ಎಂದಿನಿಂದ ನಿಂತಿದೆಯೆಂದು ಬಲ್ಲ ನಾನು ಬಾಯಿ ಬಿಡಲಿಲ್ಲ. ಹುಡುಗಿ ನನ್ನ ಮನಸ್ಸಿಗೆ ಬಹಳ ಬಂದಿದ್ದಳು, ಗಳಿಗೆಯನ್ನು ಕೆಡಿಸಲು ನನಗೆ ಧೈರ್ಯವಾಗಲಿಲ್ಲ.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಸರೋಜವ್ವ ಒಪ್ಪುವುದು ತಮ್ಮ ಎದೆಯನ್ನು, ತಮ್ಮ ಭುಜವನ್ನು, ಬರುವವನು ನಾನು. ಆದ್ದರಿಂದ ತಮ್ಮ ಅಳತೆಗೆ ಬೆಳೆಯಲೇಬೇಕೆಂದು ಹಟ ತೊಟ್ಟು ಹಾನಗಲ್ಲಿನ ಗರಡಿಮನೆಗೆ ಹೋಗಿ ದಂಡ ಹೊಡೆದೆ, ಬೈಠಕ್ ಹೊಡೆದೆ, ಬಾದಾಮಿ ನೆನೆಸಿ ತಿಂದೆ. ಹಸಿವೆ ಹೇಳಿಕೊಳ್ಳುವಂತೆ ಬೆಳೆಯಿತು, ಎದೆ ಇದ್ದಲ್ಲೇ ಇತ್ತು. ಗರಡಿಯ ಗುರು ವಸ್ತಾದ ಖಲಂದರನು ಕೊನೆಗೆ ಮರುಗಿ, “ಮಾಸ್ತರ, ಕೋಟು ತುಂಬಾಕ ಹತ್ತಿ ಸಾಕಾಗತಿತ್ತಲ್ಲರಿ, ಇಷ್ಟ್ಯಾಕ ಜೀವಾ ತೇಯಾಕತ್ತೀರಿ?” ಎಂದು ಕೇಳಿದ. ಕನ್ಯೆ ನೋಡಲು ಕರೆ ಬಂದಾಗ ರಾಜೇಸಾಬರ ಕೈಕಾಲು ಹಿಡಿದು, ತಮ್ಮನ್ನೇ ಟಾಚಣಿಗಳ ಸಮೇತ ಧರಿಸಿ ತಡಸದ ಮೋಟಾರು ಹತ್ತಿದೆ.

ಅಲ್ಲಿ ತಮಗೆ ದೊರೆತ ಸ್ವಾಗತವನ್ನು ನಾನೆಂದೂ ಮರೆಯಲಾರೆ. ಹೊಸ್ತಿಲು ದಾಟುವಷ್ಟರಲ್ಲಿ ಹುಡುಗಿಯ ಅಜ್ಜಿ ಶಿವಬಸವ್ವನವರು, ಕರಿ ಗುಂಡಿಗಳ ನಡುವೆ ತಾವು ಧರಿಸಿರುವ ಒಂದೇ ಒಂದು ಕಂದು ಗುಂಡಿಯನ್ನು ದಿಟ್ಟಿಸಿ ನೋಡಿ, “ಬರ್ರಿ ಬರ್ರಿ, ಕೋಟಿನ ಗುರುತು ಐತಿ. ಒಳಗ ಇದ್ದವರು ಯಾರು?” ಎಂದರು. ಹಿಂದಿನ ವಾರವಷ್ಟೇ ಹಿರೇಕೆರೂರಿನ ಹತ್ತಿ ವ್ಯಾಪಾರಿಗಳ ಮಗನೊಬ್ಬನನ್ನು ಒಳಗಿಟ್ಟುಕೊಂಡು ತಾವು ಅದೇ ಪಡಸಾಲೆಗೆ ಬಂದು, ಅದೇ ಚಾಪೆಯ ಮೇಲೆ ಕುಳಿತು, ಅವಲಕ್ಕಿ ತಿಂದು ಹೋಗಿದ್ದಿರಂತೆ. ಈ ಮಾತನ್ನು ಬರುವ ದಾರಿಯಲ್ಲಾದರೂ ನನಗೆ ಸೂಚಿಸಬಹುದಿತ್ತು. ನಾನು ಕಲಿತ ಸಂಸ್ಕಾರದಂತೆ ಅಜ್ಜಿಯ ಕಾಲಿಗೆ ಬಗ್ಗಿದೆ. ಬೆನ್ನ ಹಿಂದೆ ಟಾಚಣಿಗಳು ಒಂದೊಂದಾಗಿ ಪಟಪಟನೆ ಹಾರಿದವು, ತಾವು ಸಾವಕಾಶವಾಗಿ ನನ್ನ ಸುತ್ತ ಅರಳಿಕೊಂಡಿರಿ. ಅಷ್ಟಕ್ಕೇ ನಿಲ್ಲದೆ, ಹಿರೇಕೆರೂರಿನವರು ಒಳಕಿಸೆಯಲ್ಲಿ ಮರೆತಿದ್ದ ಸವಣೂರು ಖಾರ ಎಂಬ ಕುರುಕಲಿನ ಪೊಟ್ಟಣವನ್ನು ಅಜ್ಜಿಯ ಪಾದದ ಮೇಲೆ ಅರ್ಪಿಸಿದಿರಿ.

“ಸೆಕಿ ಭಾಳ ಐತಿ ತಮ್ಮಾ, ಅದನ್ನ ಕಳದು ಗೂಟಕ್ಕ ಹಾಕ್ರಿ, ನೀವು ಇಲ್ಲೆ ಕುಂದರ್ರಿ” ಎಂದರು ಅಜ್ಜಿ. ಕಳಚಿದೆ. ಕಾಲರು ಮತ್ತು ಎದೆಯ ಭಾಗಕ್ಕಷ್ಟೇ ಇಸ್ತ್ರಿ ಮಾಡಿದ್ದ ನನ್ನ ಅಂಗಿ ಆಗ ಸಮಸ್ತರಿಗೂ ದರ್ಶನ ಕೊಟ್ಟಿತು. ಸರೋಜವ್ವ ಚಹಾ ತಂದಿಟ್ಟಳು. ಅವಳ ಮುಂಗೈಯಲ್ಲಿ ಹಸಿರು ಬಳೆಗಳಿದ್ದವು, ನನ್ನ ಕಣ್ಣು ಗಡಿಯಾರವನ್ನು ಹುಡುಕಿತು. ಅವಳ ಕಣ್ಣೂ ನನ್ನ ಮುಂಗೈಯ ಮೇಲಿತ್ತು. ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದೆವು. ಅವಳು ನಗುವನ್ನು ತಡೆದುಕೊಳ್ಳುತ್ತಿದ್ದಳು. ಮಾನ್ಯರೇ, ಹುಟ್ಟಿದಂದಿನಿಂದ ನನಗೆ ಅಷ್ಟು ಸಂತೋಷವಾದದ್ದಿಲ್ಲ, ಆ ಹೊತ್ತಿನಲ್ಲಿ ತಾವು ಗೂಟದ ಮೇಲಿದ್ದಿರಿ.

ಆದರೆ ಹುಡುಗಿಯ ತಂದೆ ನನ್ನೊಡನೆ ಮಾತಾಡುತ್ತಲೇ ಗೂಟದ ಕಡೆ ನೋಡುತ್ತಿದ್ದರು. “ಬಸವ ಜಯಂತಿ ಮರುದಿನ ನೀವೂ ಆ ಹಿರೇಕೆರೂರಿನವರೂ ಇಬ್ಬರೂ ಇನ್ನೊಮ್ಮೆ ಬರ್ರಿ, ಆಮ್ಯಾಲೆ ಹೇಳತೇವಿ” ಎಂದು ಕಳಿಸಿಕೊಟ್ಟರು. ಹಿರೇಕೆರೂರಿನವರು ಆ ದಿನಕ್ಕೆಂದು ತಮ್ಮನ್ನು ಈಗಾಗಲೇ ಗೊತ್ತುಮಾಡಿಕೊಂಡಿರುವುದಾಗಿ ರಾಜೇಸಾಬರಿಂದ ತಿಳಿಯಿತು. ಆದ್ದರಿಂದ ಅತ್ಯಂತ ನಮ್ರತೆಯಿಂದ ಬೇಡಿಕೊಳ್ಳುವುದೇನೆಂದರೆ, ಆ ದಿನ ತಾವು ಸ್ವಲ್ಪ ಅಸ್ವಸ್ಥರಾಗಬೇಕು. ನುಸಿ ಹಿಡಿಸಿಕೊಳ್ಳಬಹುದು, ಅಂಗಡಿಯ ಇಲಿಗಳೊಡನೆ ಸ್ನೇಹ ಬೆಳೆಸಬಹುದು, ಒಗೆದ ನೆಪದಲ್ಲಿ ಕೂಸಿನ ಕುಂಚಿಗೆಯಷ್ಟಕ್ಕೆ ಕುಗ್ಗಬಹುದು. ಹೋಗಲೇಬೇಕಾದರೆ ಹಿರೇಕೆರೂರಿನ ಮಹನೀಯರನ್ನು ಮೋಟಾರು ಸ್ಟ್ಯಾಂಡಿನಲ್ಲೇ ಬಿಟ್ಟು, ತಾವೊಬ್ಬರೇ ಹೋಗಿ ಹುಡುಗಿಯ ತಂದೆಯೊಡನೆ ಮಾತುಕತೆ ಮುಗಿಸಬೇಕು. ಅವರಿಗೆ ಬೇಕಾದ ಅಳಿಯ ತಾವೇ. ಆ ಮನೆಯಲ್ಲಿ ತಮಗೊಂದು ಶಾಶ್ವತವಾದ ಗೂಟ ಸಿಗಲಿ ಎಂಬುದೇ ನನ್ನ ಹಾರೈಕೆ.

ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಶಾಲೆಗೆ ಹೋಗುವ ಅಂಗಿಯಲ್ಲೇ, ಹಿಂದೂ ಮುಂದೂ ಇಸ್ತ್ರಿ ಮಾಡಿಸಿಕೊಂಡು ಹೋಗುವವನಿದ್ದೇನೆ. ಈ ಧೈರ್ಯ ಬಂದದ್ದು ನಿನ್ನೆ. ತಡಸದಲ್ಲಿ ಬಳೆ ಇಡಿಸಿ ಆಡೂರಿಗೆ ಬಂದ ಬಳೆಗಾರ್ತಿ ಹಾಜರಾಬಿ, ಸರೋಜವ್ವ ತನ್ನ ಅಜ್ಜಿಯ ಮುಂದೆ ಆಡಿದ ಮಾತನ್ನು ನನ್ನ ತಾಯಿಯ ಕಿವಿಗೆ ಹಾಕಿ ಹೋದಳು: “ಕೋಟು ಹಾಕ್ಕೊಂಡು ಬಂದವರು ಇಬ್ಬರು, ಅಜ್ಜೀ. ಕಳದಿಟ್ಟು ಕುಂತವರು ಒಬ್ಬರ. ನನಗ ಅವರ ಮಾರಿ ಅಷ್ಟ ನೆನಪೈತಿ.”

ತಮ್ಮೊಳಗೆ ಒಮ್ಮೆ ಇದ್ದು ಹೊರಬಂದ,
ತಮ್ಮ ವಿಶ್ವಾಸಿ,
ಚನ್ನವೀರಪ್ಪ ಮಾಸ್ತರ

ತಾ.ಕ.: ತಮ್ಮ ನೆರೆಯಲ್ಲೇ ಡಬ್ಬಿಯೊಳಗೆ ವಾಸಿಸುವ ಕೈಗಡಿಯಾರದವರಿಗೆ ನನ್ನ ಮತ್ತು ನನ್ನ ತಾಯಿಯ ನಮಸ್ಕಾರಗಳನ್ನು ತಿಳಿಸಬೇಕು. ಅವರ ಮೇಲೆ ನಮ್ಮದೇನೂ ದೂರಿಲ್ಲ. ಯಾರ ಕೈಗೆ ಕಟ್ಟಿದರೂ ಅವರು ನಾಲ್ಕೂಕಾಲಿಗೇ ನಿಂತುಹೋಗಿರುವುದನ್ನು ಮುಚ್ಚಿಟ್ಟವರಲ್ಲ.