ಬೀದಿಯವರ ಫೋನು, ನನ್ನ ಇಂಟರ್ನೆಟ್ಟು

ಮನೆಗೆ ಹೊಸ ಯಂತ್ರ ತಂದವನಿಗೆ ಅವಮಾನ ತಪ್ಪಿದ್ದಲ್ಲ. ನನಗಂತೂ ಅವು ಸಾಲುಗಟ್ಟಿಕೊಂಡೇ ಬರುತ್ತವೆ. ಈಗಿನವರು ಗೋಡೆಗೆ ಕೊಂಬಿನ ಡಬ್ಬಿಯೊಂದನ್ನು ನೇತುಹಾಕಿ, ವೈರೇ ಇಲ್ಲದೆ ಇಂಟರ್ನೆಟ್ ಪಡೆದು, ಅದು ಅರೆಗಳಿಗೆ ನಿಂತರೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ, ಪಾಂಡವಪುರದಲ್ಲಿ, ಫೋನಿನ ವೈರಿನಿಂದ ಒಂದು ಹಳೇ ಕಂಪ್ಯೂಟರಿಗೆ ಇಂಟರ್ನೆಟ್ ತರಿಸಲು ನಾನು ಪಟ್ಟ ಪಾಡು ಇವರಿಗೇನು ಗೊತ್ತು?

ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಕಂಪ್ಯೂಟರು, ಮೈಸೂರಿನ ಭಾವಮೈದನ ಆಫೀಸಿನವರು ಬೇಡವೆಂದು ಬಿಸಾಡಿದ್ದು. ಫೋನು ಮಾತ್ರ ನನ್ನದೇ, ಆದರೆ ಹೆಸರಿಗಷ್ಟೇ. ಇಡೀ ಬೀದಿಗೆ ಇದ್ದದ್ದು ಅದೊಂದು. ಎಲ್ಲರೂ ನೆಂಟರಿಷ್ಟರಿಗೆ ನಮ್ಮ ನಂಬರನ್ನೇ ಕೊಟ್ಟು, ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಫೋನು ಪಕ್ಕದ ಮನೆಯದು, ಕರೆದುಕೊಡುತ್ತಾರೆ ಎಂದು ಅದರ ಅರ್ಥ. ಕರೆದುಕೊಡುವವನು ನಾನು. ಪಕ್ಕದ ಮನೆಯ ಗೌಡರು, ಹಾಲಿನ ಡೇರಿಯ ಸೆಕ್ರೆಟರಿ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ನಿಮಗ್ಯಾಕೆ ಓಡಾಡೋ ತೊಂದರೆ ಎಂದು, ನಮ್ಮ ಲೈನಿನಿಂದಲೇ ವೈರು ಎಳೆಸಿ, ತಮ್ಮ ನಡುಮನೆಯಲ್ಲೂ ಒಂದು ಫೋನು ಇಟ್ಟುಕೊಂಡಿದ್ದರು.

ಈ ಫೋನು ನನ್ನದೋ, ಬೀದಿಯವರದೋ? ಮುಂದಿನ ಜಗಳವೆಲ್ಲ ಇಷ್ಟೇ.

ಅಕ್ಷತೆ

ಮೋಡೆಮ್ ಎಂಬ ಕಾರ್ಡೊಂದನ್ನು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಿ, ಅದಕ್ಕೆ ಫೋನಿನ ವೈರು ಸಿಕ್ಕಿಸಬೇಕಿತ್ತು. ಗಂಜಾಂನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಮುಚ್ಚಳ ಬಿಚ್ಚಿದವನೇ ನನ್ನ ಮುಖ ನೋಡಿದ. ಒಳಗೆಲ್ಲ ಅರಿಶಿನ ಕುಂಕುಮ. ಕಾರ್ಡು ಕೂರಬೇಕಾದ ಸಂದಿಯಲ್ಲಿ ಅಕ್ಷತೆ ಕಾಳುಗಳು ಕೂತಿದ್ದವು. ಆಯುಧಪೂಜೆಯ ದಿನ ನನ್ನ ಹೆಂಡತಿ ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಮಿಷನ್ನಿಗೆ ಮಾಡಿದ ಹಾಗೆ ಇದಕ್ಕೂ ಪೂಜೆ ಮಾಡಿದ್ದಳು. ಗಾಳಿಯಾಡಲು ಮಾಡಿದ ಕಿಂಡಿಗಳನ್ನು ಕಂಡು, ಅಕ್ಷತೆ ಹಾಕಲೆಂದೇ ಬಿಟ್ಟಿದ್ದಾರೆ ಎಂದುಕೊಂಡಳಂತೆ.

ಇಷ್ಟು ದಿನ ಇದು ಸುಟ್ಟುಹೋಗದೆ ನಡೆದದ್ದೇ ಹೆಚ್ಚು ಎಂದು ಮೆಕ್ಯಾನಿಕ್ ಹೇಳಿದ. ನಡೆದದ್ದು ಪೂಜೆಯಿಂದಲೇ ಎಂದು ಅವಳು ಹೇಳಿದಳು. ಅವನು ಊದಲು ಕೆನ್ನೆ ಉಬ್ಬಿಸಿದ. ಅವಳು ಅಡ್ಡ ಬಂದಳು. ದೇವರ ಅಕ್ಷತೆಗೆ ಬಾಯಿಯ ಗಾಳಿ ತಾಗಿಸಿದರೆ ಎಂಜಲಾಗುವುದಿಲ್ಲವೇ? ಸರಿ, ಅವನು ಚಿಮಟ ಹಿಡಿದು ಒಂದೊಂದೇ ಕಾಳು ಹೆಕ್ಕಿದ. ಅವಳು ತಟ್ಟೆ ಹಿಡಿದು ನಿಂತಳು. ಮನೆಯ ಯಜಮಾನನಾದ ನಾನು ಟಾರ್ಚು ಹಿಡಿದೆ. ಮಧ್ಯಾಹ್ನವೆಲ್ಲ ಇದೇ ಆಯಿತು.

ಕಾಳುಗಳನ್ನು ಎಸೆಯಲು ಹೋದರೆ ಅದಕ್ಕೂ ಬಿಡಲಿಲ್ಲ. ಮೆಕ್ಯಾನಿಕ್ಕಿಗೆ ಇನ್ನೂ ಮದುವೆಯಾಗಿಲ್ಲವೆಂದು ಕೇಳಿ ತಿಳಿದುಕೊಂಡು, ಅಷ್ಟನ್ನೂ ಅವನ ತಲೆಯ ಮೇಲೆ ಹಾಕಿ, ಬೇಗ ಒಳ್ಳೆಯ ಹುಡುಗಿ ಸಿಗಲಿ ಎಂದು ಹರಸಿದಳು. ಅವನು ಭಕ್ತಿಯಿಂದ ಬಗ್ಗಿ ನಮಸ್ಕರಿಸಿದ. ಅರ್ಧದಷ್ಟು ಕಾಳು ಮತ್ತೆ ಕಂಪ್ಯೂಟರಿನೊಳಕ್ಕೇ ಬಿದ್ದವು.

ಉಪಕಾರ

ಅಂತೂ ಕಾರ್ಡು ಕೂತಿತು. ಸಂಜೆ ಸ್ಕೂಲಿಂದ ಬಂದು ಕಂಪ್ಯೂಟರ್ ಹಾಕಿದರೆ ಅದು ತಾನೇ ನಂಬರು ಒತ್ತಿ, ಕೀರಲು ದನಿಯಲ್ಲಿ ಕೂಗಿ, ಇನ್ನೇನು ಇಂಟರ್ನೆಟ್ಟಿಗೆ ಸೇರಬೇಕು, ಅಷ್ಟರಲ್ಲಿ ಕಟ್. ದಿನವೂ ಇದೇ ಕಥೆ. ವೈರು ಬದಲಿಸಿದೆ. ಸಾಕೆಟ್ಟು ಬದಲಿಸಿದೆ. ಕಂಪ್ಯೂಟರನ್ನು ಕಿಟಕಿಯ ಪಕ್ಕದಿಂದ ಬಾಗಿಲ ಪಕ್ಕಕ್ಕೆ ಹೊತ್ತು ಸೊಂಟ ಉಳುಕಿಸಿಕೊಂಡೆ.

ಕೊನೆಗೆ ಗೌಡರೇ ಬಂದು ಮರುಕಪಟ್ಟರು. “ನಿಮ್ ಫೋನಿಗೆ ಅದೇನೋ ಬಂದ್ಬುಟ್ಟದೆ ಕಣ್ ಮೇಷ್ಟ್ರೇ. ಸಾಯಂಕಾಲ ಎತ್ತುದ್ರೆ ಸಾಕು, ಕುಯ್ಯೋ ಅಂತದೆ. ನಾನೂ ದಿನಾ ಎತ್ತಿ ಎತ್ತಿ ನೋಡ್ತಾವ್ನಿ, ಸರೋಯ್ತಾ ಅಂತ.”

ಅಂದರೆ ನನ್ನ ಇಂಟರ್ನೆಟ್ಟನ್ನು ದಿನಾ ಕತ್ತರಿಸುತ್ತಿದ್ದದ್ದು ಈ ಮಹಾನುಭಾವರು. ಅವರು ಅಲ್ಲಿ ರಿಸೀವರ್ ಎತ್ತಿದೊಡನೆ ಇಲ್ಲಿ ಕಟ್. ಸಿಟ್ಟು ನುಂಗಿಕೊಂಡು, ಅದು ಕಂಪ್ಯೂಟರಿನ ಸದ್ದು, ದಯವಿಟ್ಟು ಎತ್ತಬೇಡಿ ಎಂದು ಬಿಡಿಸಿ ಹೇಳಿದೆ. ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಆಗಲೇ ನಿಮ್ಮ ಹೆಸರಲ್ಲಿ ಕಂಪ್ಲೇಂಟು ಕೊಟ್ಟಾಯಿತಲ್ಲ ಎಂದರು. ಕೇಳಿದವರು ಯಾರು ಸ್ವಾಮಿ?

ಮಾರನೆಯ ದಿನ ನಾನು ಸ್ಕೂಲಿಂದ ಬರುವಷ್ಟರಲ್ಲಿ ಲೈನ್‌ಮನ್ ಕೆಲಸ ಮುಗಿಸಿ ಹೊರಟಿದ್ದ. ಬೀದಿಯ ತುದಿಯಲ್ಲಿ ಸಿಕ್ಕಿ, ಸೈಕಲ್ಲಿನಿಂದ ಇಳಿಯದೆಯೇ ವರದಿ ಒಪ್ಪಿಸಿದ. “ಗೌಡ್ರ ಮನೆ ಫೋನು ಸರ್ಯಾಗೇ ಅದೆ ಸಾರ್. ಗಲಾಟೆಯೆಲ್ಲ ನಿಮ್ ಕಂಪ್ಯೂಟ್ರುದ್ದು. ಅದುನ್ನ ಕಿತ್ತಾಕ್ಬುಟ್ಟಿವ್ನಿ.”

ಮೀನು

ಕಿತ್ತದ್ದನ್ನು ಮತ್ತೆ ಸಿಕ್ಕಿಸಿದೆ. ಸಂಜೆ ಹೊತ್ತು ರಿಸೀವರ್ ಎತ್ತುವುದಿಲ್ಲವೆಂದು ಗೌಡರು ಮಾತು ಕೊಟ್ಟರು. ಆದರೂ ಸೇರಲಿಲ್ಲ. ಇಂಟರ್ನೆಟ್ ಕೊಟ್ಟ ಕಂಪನಿಗೆ, ಬೆಂಗಳೂರಿಗೆ, ಫೋನ್ ಮಾಡಿದೆ. ಎತ್ತಿದವನು ಬಲು ವಿನಯವಂತ. ಮೊದಲು ಇಂಟರ್ನೆಟ್ ಕನೆಕ್ಟ್ ಮಾಡಿ ಸಾರ್, ಏನು ಬರುತ್ತದೋ ನೋಡಿ ಹೇಳಿ ಎಂದ. ಅಯ್ಯಾ, ನಿನ್ನ ಜೊತೆ ಮಾತಾಡುತ್ತಿರುವ ಲೈನಿಗೇ ಅದನ್ನು ಸೇರಿಸಬೇಕಾದದ್ದು ಎಂದೆ. ಹಾಗಾದರೆ ಇನ್ನೊಂದು ಫೋನಿನಿಂದ ಮಾಡಿ ಎಂದ. ಇಡೀ ಬೀದಿಯನ್ನು ಒಂದೇ ಫೋನಿನಲ್ಲಿ ಸಾಕುತ್ತಿರುವವನಿಗೆ ಹೇಳುವ ಮಾತೇ ಇದು?

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋದೆ. ಕಂಪ್ಯೂಟರಿನ ಮುಂದೆ ಹೆಂಡತಿಯನ್ನು ಕೂರಿಸಿದೆ. ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದೆ. ನಡುವೆ ಓಡಾಡಲು ಗೌಡರು ತಮ್ಮ ಮೊಪೆಡ್ ಸಮೇತ ತಾವಾಗಿಯೇ ಮುಂದೆ ಬಂದರು. ಬೆಂಗಳೂರಿನವನು ನನಗೆ ಹೇಳುವುದು, ನಾನು ಗೌಡರಿಗೆ ಹೇಳುವುದು, ಅವರು ಮನೆಗೆ ಹೋಗಿ ಅವಳಿಗೆ ಹೇಳಿ, ಪರದೆಯಲ್ಲಿ ಏನು ಬಂತೆಂದು ನೋಡಿಕೊಂಡು ಬರುವುದು.

ಕಂಪ್ಯೂಟರನ್ನು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪರದೆಯ ತುಂಬ ಮೀನಿನ ಚಿತ್ರ ಓಡಾಡುವಂತೆ ಭಾವಮೈದ ಮಾಡಿಟ್ಟಿದ್ದ. ಅದು ನನಗೆ ನೆನಪಿರಲಿಲ್ಲ. ಮೊದಲು ಪರದೆಯಲ್ಲಿ ಏನಿದೆಯೆಂದಷ್ಟೇ ನೋಡಿಕೊಂಡು ಬರಲು ಕಳಿಸಿದೆ. ಗೌಡರು ಏದುಸಿರು ಬಿಡುತ್ತಾ ವಾಪಸು ಬಂದರು. “ಮೀನು ಮೇಷ್ಟ್ರೇ. ಒಂದು ದೊಡ್ಡದು, ಮಿಕ್ಕವೆಲ್ಲ ಮರಿ.” ಇನ್ನೊಮ್ಮೆ ಕಳಿಸಿದೆ. ಇನ್ನೊಮ್ಮೆಯೂ ಮೀನು. ಬೆಂಗಳೂರಿನವನು ಒಂದೇ ಸಮ ಕೇಳುತ್ತಿದ್ದಾನೆ, ಪರದೆಯಲ್ಲಿ ಏನಿದೆ ಸಾರ್? ರೋಸಿಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. ಆಮೇಲೆ ಅಷ್ಟೇ ವಿನಯದಿಂದ ಹೇಳಿದ, “ಕ್ಷಮಿಸಿ ಸಾರ್, ಮೀನಿಗೆ ಸಂಬಂಧಪಟ್ಟದ್ದು ನಮ್ಮ ವಿಭಾಗಕ್ಕೆ ಬರುವುದಿಲ್ಲ.”

ನಾಗಮಂಗಲದ ಕರೆ

ಅಷ್ಟರಲ್ಲಿ ಗೌಡರ ಮಗಳನ್ನು ನೋಡಲು ನಾಗಮಂಗಲದ ಕಡೆಯಿಂದ, ಹೊಣಕೆರೆಯವರು ಬಂದುಹೋದರು. ಗೌಡರಿಗೆ ಸಂಬಂಧ ತುಂಬ ಹಿಡಿಸಿತ್ತು. ಹುಡುಗಿಗೆ ಹುಡುಗ ಅದಕ್ಕಿಂತ ಹಿಡಿಸಿದ್ದ. ಕೂತು ಮಾತಾಡಿ ಫೋನ್ ಮಾಡುತ್ತೇವೆ ಎಂದು ಹೇಳಿ ಹೋಗಿದ್ದರು. ಯಾವ ಫೋನು? ನನ್ನ ಫೋನು. ಅವರ ತೀರ್ಮಾನ ಬರುವವರೆಗೆ ಕಂಪ್ಯೂಟರ್ ಮುಟ್ಟಕೂಡದೆಂದು ಹೆಂಡತಿಯ ಆಜ್ಞೆಯಾಯಿತು. ಹೆಣ್ಣು ಅವರದು, ಗಂಡು ಹೊಣಕೆರೆಯವರದು, ಕೈಕಟ್ಟಿ ಕೂರಬೇಕಾದವನು ನಾನು.

ವಾರವೆಲ್ಲ ಫೋನಿಲ್ಲ. ಗೌಡರ ಮುಖ ನೋಡಲಾಗುತ್ತಿರಲಿಲ್ಲ. ಆ ಹುಡುಗಿಯಂತೂ ಊಟವನ್ನೇ ಬಿಟ್ಟಿದ್ದಳು. ಭಾನುವಾರ ಬೆಳಿಗ್ಗೆ ಗೌಡರು, ಇನ್ನು ಕಾದು ಫಲವಿಲ್ಲವೆಂದು, ಮನೆಯವರನ್ನೂ ನನ್ನ ಹೆಂಡತಿಯನ್ನೂ ಕರೆದುಕೊಂಡು ಚಿನಕುರಳಿಯ ನೆಂಟರ ಮನೆಗೆ ಹೋದರು. ಅವರು ಬಸ್ಸು ಹತ್ತಿದ್ದೇ ತಡ, ನಾನು ಕಂಪ್ಯೂಟರ್ ಹಾಕಿದೆ. ರಿಸೀವರ್ ಎತ್ತುವವರು ಯಾರೂ ಇರಲಿಲ್ಲವೋ ಏನೋ, ಮೊದಲ ಸಲ ಇಂಟರ್ನೆಟ್ ಸೇರಿತು. ಕಣ್ಣಲ್ಲಿ ನೀರು ಬಂತು. ಶನಿಗ್ರಹದ ಚಿತ್ರವೊಂದನ್ನು ತರಿಸತೊಡಗಿದೆ. ಅದು ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಚಿನಕುರಳಿಗೆ ಹೋದವರು ಊಟದ ಹೊತ್ತಿಗೆ ವಾಪಸು ಬಂದರೂ ಶನಿಯ ಸುತ್ತಲಿನ ಬಳೆಯ ಅರ್ಧ ಇನ್ನೂ ಬಂದಿರಲಿಲ್ಲ. ಮದುವೆ ಮಾತು ನಡೆಯುವ ಹೊತ್ತಿನಲ್ಲಿ ಮನೆಗೆ ಶನಿಯನ್ನು ಕರೆಸಿಕೊಂಡಿದ್ದೀರಲ್ಲ ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಆಗಲೇ ಗೌಡರ ಮನೆ ಮುಂದೆ ಟೆಂಪೋ ಬಂದು ನಿಂತಿತು. ಹೊಣಕೆರೆಯವರು. ಹುಡುಗನ ತಂದೆ ಬೆವರು ಒರೆಸಿಕೊಳ್ಳುತ್ತಾ ಇಳಿದರು. “ಬೆಳಿಗ್ಗೆಯಿಂದ ನಾಗಮಂಗಲದ ಬೂತಲ್ಲಿ ನಿಂತ್ಕಂಡು ಫೋನ್ ಮಾಡ್ತಾವ್ನಿ ಗೌಡ್ರೇ, ನಿಮ್ ಫೋನು ಬುಡುವೇ ಇಲ್ಲ. ಮಗೀನ ಇನ್ನೂ ಎಷ್ಟ್ ಕಡೆಯೋರು ಕೇಳ್ತಾವ್ರೆ?”

ಬೆಳಿಗ್ಗೆಯಿಂದ ಲೈನು ಹಿಡಿದಿದ್ದದ್ದು ನನ್ನ ಇಂಟರ್ನೆಟ್ಟು ಎಂಬ ನಿಜ ಹೇಳಲು ನಾನು ಬಾಯಿ ತೆರೆದೆ. ಹೆಂಡತಿ ಕಾಲು ತುಳಿದಳು. ಗೌಡರು ನನ್ನನ್ನೊಮ್ಮೆ, ನಮ್ಮ ಮನೆಯಿಂದ ಅವರ ಮನೆಗೆ ಹೋಗಿದ್ದ ವೈರನ್ನೊಮ್ಮೆ ನೋಡಿ, “ಏನೋ, ಮಾತುಕತೆ ನಡೀತಾನೇ ಅವೆ” ಎಂದರು. ಅಲ್ಲೇ ತಾಂಬೂಲ ಬದಲಾಯಿಸಿದರು. ಊಟದಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗನ ಸೋದರಮಾವ, ನಾವು ಫೋನ್ ಮಾಡಿದ್ದು ಮುಂದಿನ ವರ್ಷ ನೋಡೋಣ ಎಂದು ಹೇಳುವುದಕ್ಕೆ, ಲೈನು ಸಿಗದಿದ್ದಾಗ ಹುಡುಗಿಯನ್ನು ಬೇರೆಯವರು ಹೊತ್ತುಕೊಂಡು ಹೋಗಿಬಿಡುತ್ತಾರೆ ಅನ್ನಿಸಿ ಓಡಿಬಂದೆವು ಎಂದು ಗುಟ್ಟಾಗಿ ಹೇಳಿದರು.

ಹುಡುಗಿ ಹೊಟ್ಟೆ ತುಂಬ ಉಂಡಳು. ನನಗೂ ಸಂತೋಷವೇ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ವಿಷಯ ಬೀದಿಗೆಲ್ಲ ಹರಡಿತು. ಮುಂದಿನ ತಿಂಗಳು ಎದುರುಮನೆಯಾಕೆ ಬಂದು ಬಾಗಿಲಲ್ಲಿ ನಿಂತರು. “ಮೇಷ್ಟ್ರೇ, ನಮ್ ಮಗೀಗೆ ಭಾನ್ವಾರ ಕೆ.ಆರ್. ಪೇಟೆಯೋರು ಫೋನ್ ಮಾಡ್ತೀವಿ ಅಂದವ್ರೆ. ವಸಿ ಬೆಳಿಗ್ಗೆಯಿಂದ್ಲೇ ಇಂಟರ್ನೆಟ್ ಆಕ್ಕಂಡು ಕೂತ್ಕಳಿ.”

ಕೊನೆಗೂ ನನ್ನ ಫೋನನ್ನು ನಾನೇ ಬಳಸಲು ಬೀದಿಯವರ ಅನುಮತಿ ಸಿಕ್ಕಿತ್ತು. ಭಾನುವಾರ ಸ್ನಾನ ಮಾಡಿ ಕೂತೆ. ಹಾಳಾದ್ದು, ಸೇರಲೇ ಇಲ್ಲ. ಕೂಗಿತು, ಕಟ್ಟಾಯಿತು, ಮತ್ತೆ ಕೂಗಿತು, ಮತ್ತೆ ಕಟ್ಟಾಯಿತು. ಮುಚ್ಚಳ ಬಿಚ್ಚಿದೆ, ಕಾರ್ಡು ಒತ್ತಿದೆ, ವೈರು ಅಲುಗಿಸಿದೆ. ಎದುರುಮನೆಯಾಕೆ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಸುಕುತ್ತಿದ್ದಾರೆ. ಈಗ ಫೋನ್ ಬಂದರೆ ಗತಿಯೇನು? ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ನನ್ನ ಹೆಂಡತಿ ರಿಸೀವರನ್ನು ಎತ್ತಿ ಕಂಪ್ಯೂಟರಿನ ಮೇಲೆ ಮಲಗಿಸಿದಳು.

“ಇಷ್ಟಕ್ಕೆ ಈ ಪೆಟ್ಟಿಗೆ ಯಾಕ್ರೀ ಬೇಕಿತ್ತು?” ಎಂದಳು.

ಕೆ.ಆರ್. ಪೇಟೆಯವರು ಮಧ್ಯಾಹ್ನದ ಊಟಕ್ಕೇ ಬಂದುಬಿಟ್ಟರು.