ಟಪ್, ಟಪ್, ಆಮೇಲೊಂದು ನಗು

ನಮ್ಮ ಇನ್ನರ್‌ಲೀತನ್ ಊರಿನಲ್ಲಿ ಸೋರುವ ಯಾವ ವಸ್ತುವೂ ನನ್ನ ಕೈಯಿಂದ ತಪ್ಪಿಸಿಕೊಂಡು ಹೋಗಿಲ್ಲ. ನಲ್ಲಿ, ಕೊಳಾಯಿ, ಬಾಯ್ಲರು, ಕಮೋಡು, ಪಾದ್ರಿಗಳ ಮನೆಯ ಅಟ್ಟದ ಮೇಲಿನ ತೊಟ್ಟಿ, ಹೀಗೆ ಇಪ್ಪತ್ತೆರಡು ವರ್ಷಗಳಿಂದ ಎಲ್ಲದರ ಬಾಯಿ ಮುಚ್ಚಿಸಿಕೊಂಡು ಬಂದ ಪ್ಲಂಬರ್ ವಾಟಿ ನಾನು. ಅಂಥವನು ಆ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ನಟ್ಟನಡುವೆ ನಿಂತು, ಎಡಗೈಯಲ್ಲಿ ಸೈಕಲ್ ಚಕ್ರವನ್ನೂ ಬಲಗೈಯಲ್ಲಿ ಚಹಾದ ಮಗ್ಗನ್ನೂ ಎತ್ತಿ ಹಿಡಿದು, ಬೆಕ್ಕಿನ ಸಾಕ್ಷಿಯಾಗಿ ಘೋಷಿಸಿದೆ: ನೀರೇ ನನ್ನನ್ನು ದಾಟಿ ಹೋಗಿಲ್ಲ, ಇನ್ನು ಗಾಳಿ ಯಾವ ಲೆಕ್ಕ!

ಬೆಕ್ಕು ಎದ್ದು ಹೊರಗೆ ಹೋಯಿತು. ಅದಕ್ಕೆ ಮುಂದಿನದು ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ಇಷ್ಟಕ್ಕೆಲ್ಲ ಕಾರಣ ಪಕ್ಕದ ಮನೆಯ ಲಾಕ್ಲನ್. ಎರಡು ವರ್ಷದ ಹಿಂದೆ ಎಡಿನ್‌ಬರೋದಿಂದ ಬಂದ ಹಲ್ಲಿನ ಡಾಕ್ಟರ್. ನನ್ನ ಹಳೆಯ ವ್ಯಾನಿಗಿಂತ ದುಬಾರಿಯಾದ ಸೈಕಲ್ಲುಗಳು ಮೂರು, ಮೂವತ್ತೆರಡು ಬಿಳಿ ಹಲ್ಲುಗಳು, ಮುಖದ ಮೇಲೆ ಸದಾ ಅಷ್ಟನ್ನೂ ತೋರಿಸುವ ನಗೆ. ಗುಡ್ಡ ಕಂಡರೆ ಸೈಕಲ್ ಹತ್ತುವುದು ನಮ್ಮೂರಿನ ರೋಗ, ಆ ರೋಗ ಅವನಿಗೂ ಅಂಟಿತ್ತು. ಅದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಅಭ್ಯಂತರವಿದ್ದದ್ದು ಅವನ ಗ್ಯಾರೇಜಿನಿಂದ ಬರುವ ಸದ್ದಿಗೆ.

ಈಗೆಲ್ಲ ಗುಡ್ಡದ ಸೈಕಲ್ಲುಗಳಿಗೆ ಟ್ಯೂಬ್ ಹಾಕುವುದಿಲ್ಲ. ರಿಮ್ಮಿನ ಒಳಗಡೆ ಟೇಪು ಸುತ್ತಿ, ವಾಲ್ವ್ ಕೂರಿಸಿ, ಟೈರಿನೊಳಗೆ ಹಾಲಿನಂಥ ಒಂದು ದ್ರವ ಸುರಿದು ಗಾಳಿ ಹೊಡೆಯುತ್ತಾರೆ. ಟೈರಿನ ಎರಡು ಅಂಚುಗಳೂ ರಿಮ್ಮಿನಲ್ಲಿ ಸರಿಯಾಗಿ ಕೂತಾಗ ಟಪ್, ಟಪ್ ಎಂದು ಎರಡು ಸದ್ದು ಬರುತ್ತದೆ. ಮುಂದೆ ಮುಳ್ಳು ಚುಚ್ಚಿದರೆ ಆ ಹಾಲೇ ಓಡಿಹೋಗಿ ರಬ್ಬರಾಗಿ ತೂತು ಮುಚ್ಚುತ್ತದೆ. ನಮ್ಮ ಬೀದಿಯಲ್ಲಿ ಇನ್ನೂ ಟ್ಯೂಬ್ ಇಟ್ಟುಕೊಂಡಿದ್ದವನು ನಾನೊಬ್ಬನೇ.

ಎಷ್ಟೋ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಐಲ್ಸಾ, ಸ್ವಲ್ಪ ಲಾಕ್ಲನ್ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಡುತ್ತಿದ್ದಳು. ಅರ್ಧ ಗಂಟೆ ಕಳೆದ ಮೇಲೆ ಕಲ್ಲಿನ ಗೋಡೆಯ ಆಚೆಯಿಂದ ಟಪ್, ಟಪ್. ಅದರ ಬೆನ್ನಿಗೇ ಐಲ್ಸಾಳ ನಗು! ಹದಿನೇಳು ವರ್ಷದ ದಾಂಪತ್ಯದಲ್ಲಿ ನಾನು ಎಷ್ಟೋ ಪೈಪುಗಳನ್ನು ಅವಳ ಕಣ್ಣೆದುರೇ ಜೋಡಿಸಿದ್ದೇನೆ, ಒಂದಕ್ಕೂ ಅವಳು ಹಾಗೆ ನಕ್ಕಿಲ್ಲ. ಮರಳಿ ಬರುವಾಗ ಕೈಯಲ್ಲಿ ಒಂದು ಡಬ್ಬಿ ಟ್ಯಾಬ್ಲೆಟ್. ಮಾತ್ರೆಯಲ್ಲ, ಸಕ್ಕರೆ, ಬೆಣ್ಣೆ, ಗಟ್ಟಿಹಾಲು ಕುದಿಸಿ ಬಡಿದು ತುಂಡು ಮಾಡಿದ ನಮ್ಮ ಕಡೆಯ ಸಿಹಿ. ಊರವರ ಹಲ್ಲು ಉಳಿಸಬೇಕಾದ ಮನುಷ್ಯ ಪಕ್ಕದ ಮನೆಯ ಹೆಂಗಸಿಗೆ ಸ್ವಂತ ಕೈಯಿಂದ ಸಕ್ಕರೆಗಟ್ಟಿ ಮಾಡಿಕೊಡುತ್ತಾನೆಂದರೆ ಏನರ್ಥ? ಆ ಡಬ್ಬಿಗಳನ್ನೆಲ್ಲ ನಾನು ಬರೀ ಹೊಟ್ಟೆಕಿಚ್ಚಿನಲ್ಲಿ ತಿಂದು ಖಾಲಿ ಮಾಡಿದೆ. ರುಚಿಯಾಗಿತ್ತು. ಅದರಿಂದ ಹೊಟ್ಟೆ ಇನ್ನಷ್ಟು ಉರಿಯಿತು.

ಉರಿಗೆ ತುಪ್ಪ ಸುರಿದದ್ದು ಸೆಪ್ಟೆಂಬರಿನ ಜೋಡಿ ರೇಸು. ಇಬ್ಬಿಬ್ಬರು ಸೇರಿ ಗುಡ್ಡ ಹತ್ತಿ ಇಳಿಯುವ ಪಂದ್ಯ. ಹೋದ ವರ್ಷ ನಾನೂ ಐಲ್ಸಾಳೂ ಹೋಗಿದ್ದೆವು. ಕಲ್ಲಿಗೆ ಬಡಿದು ನನ್ನ ಟ್ಯೂಬ್ ನಾಲ್ಕು ಸಲ ಒಡೆಯಿತು. ನಾವು ಕೆಳಗೆ ಬಂದಾಗ ಬಹುಮಾನ ಹಂಚಿ ಮುಗಿದು ಕುರ್ಚಿ ಮಡಚುತ್ತಿದ್ದರು. ಈ ಸಲ ರೇಸಿಗೆ ಮೂರು ವಾರ ಇರುವಾಗಲೇ ಅವಳು ಮಾತು ತೆಗೆದಳು.

"ರೇಸಿಗೆ ಮುಂಚೆ ಆ ಟ್ಯೂಬ್ ತೆಗೆಸಿಬಿಡು ವಾಟಿ. ಇಲ್ದಿದ್ರೆ ನಾನು ಲಾಕ್ಲನ್ ಜೊತೆ ಹೋಗ್ತೀನಿ. ಅವರ ತಂಗಿ ಬರೋದು ಅನುಮಾನವಂತೆ."

"ತೆಗೆಸೋದೇನು, ನಾನೇ ತೆಗೀತೀನಿ. ನನ್ನ ಸೈಕಲ್ಲಿಗೆ ಇನ್ನೊಬ್ಬರು ಕೈ ಹಚ್ಚಕೂಡದು."

"ಇನ್ನೊಬ್ಬರು ಅಂದ್ರೆ, ಯಾರೂನಾ?"

"ಯಾರೂ."

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸರಿ ಎಂದು ಬಾಯಿ ಮುಚ್ಚಿಕೊಂಡಳು. ಗೆದ್ದೆ ಎಂದುಕೊಂಡೆ.

ಲಾಕ್ಲನ್ ತನ್ನ ಹಿತ್ತಲಿನ ನಲ್ಲಿ ಸೋರುತ್ತಿದೆ, ಬಂದು ನೋಡಿ ಎಂದು ಬಹಳ ದಿನದಿಂದ ಕೇಳುತ್ತಿದ್ದ. ಅವನು ಕ್ಲಿನಿಕ್ಕಿಗೆ ಹೋಗಿದ್ದಾಗ ಹೋದೆ. ನಲ್ಲಿಯನ್ನು ಒಂದು ಸಲ ನೋಡಿದೆ, ಅದೂ ನನ್ನನ್ನು ನೋಡಿತು. ಆಮೇಲೆ ಅಳತೆ ಟೇಪು ತೆಗೆದು ಗ್ಯಾರೇಜಿಗೆ ನುಗ್ಗಿ ಅವನ ಸೈಕಲ್ಲನ್ನು ದರ್ಜಿ ಅಳೆದಂತೆ ಅಳೆದೆ. ರಿಮ್ಮಿನ ಒಳ ಅಗಲ ಮೂವತ್ತು ಮಿಲಿಮೀಟರ್, ಟೈರಿನ ದಪ್ಪ ಎರಡೂ ಮುಕ್ಕಾಲು ಇಂಚಿಗೆ ಒಂದಿಷ್ಟು ಕಮ್ಮಿ, ಟೇಪಿನ ಅಗಲ, ವಾಲ್ವಿನ ಉದ್ದ ಎಲ್ಲವೂ ನನ್ನ ಚೀಟಿಗೆ ಬಂತು. ಸೈಕಲ್ ಅಂಗಡಿಗೆ ಫೋನ್ ಮಾಡಿದಾಗ ಅಲ್ಲಿನ ಹುಡುಗಿ ನಿಮ್ಮ ರಿಮ್ ಎಷ್ಟಗಲ ಎಂದು ಕೇಳಿದಳು. ಚೀಟಿ ನೋಡಿ ಗತ್ತಿನಿಂದ ಮೂವತ್ತು ಎಂದೆ. ಅವನಲ್ಲಿ ಏನಿದೆಯೋ ಅದೇ ನನಗೂ ಬೇಕಿತ್ತು, ಒಂದು ಕೂದಲೆಳೆಯೂ ಕಮ್ಮಿಯಾಗದಂತೆ. ಹುಲಿಯ ಬಣ್ಣಕ್ಕೆ ನರಿ ಮೈ ಸುಟ್ಟುಕೊಂಡದ್ದು ಹೀಗೇ ಇರಬೇಕು.

ಅಂಗಡಿಯವರು ಸಾಮಾನು ಕಳಿಸಿದ್ದು ತಡವಾಯಿತು. ಕೊನೆಗೆ ರೇಸಿನ ಹಿಂದಿನ ದಿನ, ಅಂದರೆ ಆ ಶುಕ್ರವಾರ, ಐಲ್ಸಾ ತೊಗರಿಬೇಳೆಯ ಅಕ್ಕನಂತಿರುವ ನಮ್ಮ ಕೆಂಪು ಬೇಳೆಯ ಸೂಪು ಮಾಡಿ ಒಲೆಯ ಮೇಲಿಟ್ಟು, ನಾಳೆ ಹಾಕುವ ಅಂಗಿ ಒಗೆದು ಕುರ್ಚಿಗೆ ಹರವಿ, ರೇಸಿನ ದಾರಿ ನೋಡಿ ಬರಲು ಲಾಕ್ಲನ್ ಜೊತೆ ಗುಡ್ಡದ ಕಡೆ ಹೊರಟಳು. ಗ್ಯಾರೇಜಿನ ತುಂಬ ಬೇರೆಯವರ ಕಮೋಡುಗಳಿದ್ದುದರಿಂದ ನಾನು ಅಡುಗೆಮನೆಯಲ್ಲೇ ಯಜ್ಞಕ್ಕೆ ಕೂತೆ.

ಮೊದಲ ವಿಘ್ನ ಟೇಪಿನದು. ಅದು ನನ್ನ ರಿಮ್ಮಿನೊಳಗೆ ಮಲಗಲೊಲ್ಲದೆ ಎರಡೂ ಕಡೆ ಗೋಡೆ ಹತ್ತಿ ನಿಂತಿತು. ಕಿತ್ತೆಸೆದೆ. ನಮ್ಮ ಕಸುಬಿನ ಬಿಳಿ ಟೇಪು ಇರುವಾಗ ಇದೇಕೆ? ನಲ್ಲಿಯ ತಿರುಪಿಗೆ ಸುತ್ತುವ ಆ ತೆಳು ಟೇಪಿನಿಂದ ಅರ್ಧ ಊರು ಒಣಗಿ ನಿಂತಿದೆ. ಐವತ್ತು ಸುತ್ತು ಸುತ್ತಿದೆ. ಅದಕ್ಕೆ ಅಂಟೇ ಇರುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷಗಳಿಂದ ಗೊತ್ತಿದ್ದ ವಿಷಯ. ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಅದೂ ಕಾಣಲಿಲ್ಲ.

ಎರಡನೆಯದು ಟೈರು. ಆ ದಪ್ಪ ಟೈರು ನನ್ನ ಸಪೂರ ರಿಮ್ಮಿನ ಮೇಲೆ ಅಣ್ಣನ ಚಡ್ಡಿ ತಮ್ಮನಿಗೆ ಹಾಕಿದ ಹಾಗೆ ಜೋತಾಡಿತು. ಪಂಪು ಹೊಡೆದೆ. ಒಂದು ಕಡೆಯಿಂದ ಹೋದ ಗಾಳಿ ಇನ್ನೊಂದು ಕಡೆಯಿಂದ ಕ್ಷೇಮವಾಗಿ ಹೊರಬಂತು. ನನ್ನ ಉಸಿರು ಕಟ್ಟಿತೇ ಹೊರತು ಟೈರಿನಲ್ಲಿ ಉಸಿರು ನಿಲ್ಲಲಿಲ್ಲ. ಒಮ್ಮೆಲೇ ಜೋರಾಗಿ ಗಾಳಿ ನುಗ್ಗಿದರೆ ಕೂರುತ್ತದೆ ಎಂದು ಎಲ್ಲೋ ಕೇಳಿದ್ದೆ. ಆಗ ಹೊಳೆಯಿತು ನೋಡಿ!

ನನ್ನ ಹತ್ತಿರ ಒಂದು ಮೋರಿ ಬಂದೂಕಿದೆ. ಮೋರಿ ಕಟ್ಟಿಕೊಂಡರೆ ಅದರೊಳಗೆ ಗಾಳಿ ತುಂಬಿ ಗುಂಡು ಹೊಡೆದಂತೆ ಹೊಡೆಯುವುದು. ಒಮ್ಮೆ ಶಾಲೆಯ ಮೋರಿಯಿಂದ ಒಂದು ಇಡೀ ಬೂಟನ್ನು ಹೊರಗೆ ಹಾರಿಸಿದ ಶೂರ. ಟೈರಿಗೆ ಹಾಲು ಸುರಿದೆ. ಬಾಟಲಿಯ ಮೇಲೆ ಚಿಕ್ಕ ಲೋಟದಷ್ಟು ಸಾಕು ಎಂದು ಬರೆದಿತ್ತು. ಜಿಪುಣತನ ಯಾಕೆಂದು ಇಡೀ ಲೀಟರ್ ಸುರಿದೆ. ಬಂದೂಕಿನ ಮೂತಿಯನ್ನು ವಾಲ್ವಿಗೆ ಒತ್ತಿ ಹಿಡಿದು, ಮನಸ್ಸಿನಲ್ಲೇ ಲಾಕ್ಲನ್ನನ ಹಲ್ಲುಗಳಿಗೆ ಗುರಿಯಿಟ್ಟು ಒತ್ತಿದೆ.

ಟಪ್ ಆಗಲಿಲ್ಲ. ಢಂ ಆಯಿತು.

ಕಣ್ಣು ಬಿಟ್ಟಾಗ ಟೈರು ಫ್ರಿಜ್ಜಿನ ಮೇಲಿತ್ತು. ಹಾಲು ಉಳಿದ ಎಲ್ಲದರ ಮೇಲಿತ್ತು. ಸೀಲಿಂಗಿನಿಂದ ತೊಟ್ಟಿಕ್ಕುತ್ತಿತ್ತು, ಐಲ್ಸಾಳ ಅಂಗಿಯ ಮೇಲೆ ಹೆಪ್ಪುಗಟ್ಟುತ್ತಿತ್ತು, ಸೂಪಿನ ಮೇಲೆ ಕೆನೆಯಾಗಿ ತೇಲುತ್ತಿತ್ತು. ಗಾಬರಿಯಲ್ಲಿ ನೀರು ಹಾಕಿ ಬಳಿದು ಸಿಂಕಿಗೆ ತಳ್ಳಿದೆ. ಸಿಂಕು ಒಂದು ಸಲ ಗುಳುಗುಳು ಎಂದು ಮೌನವಾಯಿತು. ಆಗ ಅರಿವಾಯಿತು, ಆ ದ್ರವ ತನ್ನ ಧರ್ಮವನ್ನು ತಪ್ಪದೆ ಪಾಲಿಸುತ್ತಿತ್ತು: ತೂತು ಹುಡುಕುವುದು, ಮುಚ್ಚುವುದು. ಉಪ್ಪಿನ ಡಬ್ಬಿಯ ಏಳು ತೂತು ಮುಚ್ಚಿತು. ಬಾಗಿಲಿನ ಬೀಗದ ಕಿಂಡಿ ಮುಚ್ಚಿತು. ಕೆಟಲಿನ ಮೂತಿ, ರೇಡಿಯೋದ ಜಾಲರಿ, ಊರಿನ ಏಕೈಕ ಪ್ಲಂಬರನ ಸ್ವಂತ ಮನೆಯ ಸಿಂಕು ಎಲ್ಲವೂ ಮುಚ್ಚಿದವು. ಮನೆಯ ತೂತುಗಳೆಲ್ಲ ಮುಚ್ಚಿದವು, ಟೈರಿನದೊಂದು ಬಿಟ್ಟು.

ನಾಲ್ಕು ಗಂಟೆಗೆ ಐಲ್ಸಾ ಬಂದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ಫ್ರಿಜ್ಜಿನ ಮೇಲೆ ನೋಡಿದಳು.

"ಸೂಪಿಗೆ ಏನು ಹಾಕಿದೀಯ?" ಎಂದಳು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಹೋಗು, ನಾಳೆ ಅವನ ಜೊತೆಯೇ ಹೋಗು ಎಂದೆ. ಅವನ ಸೈಕಲ್ಲು, ಅವನ ಹಲ್ಲು, ಅವನ ಟ್ಯಾಬ್ಲೆಟ್ ಎಂದು ಎರಡು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಹಾಕಿದೆ. ಹೌದು, ನನಗೆ ಹೊಟ್ಟೆಕಿಚ್ಚು ಎಂದೂ ಹೇಳಿದೆ.

"ಅವನು ಟಪ್ ಅನ್ನಿಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ನಗ್ತೀಯ. ನಾನು ಟಪ್ ಅನ್ನಿಸಿದಾಗ ಯಾವತ್ತಾದ್ರೂ ನಕ್ಕಿದೀಯಾ?"

"ನೀನು ಯಾವತ್ತು ಅನ್ನಿಸಿದೀಯ?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಸಾಕ್ಷಾತ್ ಲಾಕ್ಲನ್! ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಟ್ಯಾಬ್ಲೆಟ್ ಡಬ್ಬಿ. ಮರ್ಯಾದಸ್ಥ, ಸೀಲಿಂಗನ್ನು ನೋಡದವನಂತೆ ನಟಿಸಿದ.

"ಕ್ಷಮಿಸಿ ಐಲ್ಸಾ. ಹಿಂದಿನ ಚಕ್ರ ಮತ್ತೆ ಇಳೀತು. ನಾಳೆಗೆ ಒಂದ್ಸಲ ಕೂರಿಸಿಕೊಡ್ತೀರಾ? ನನಗಂತೂ ಈ ವಿದ್ಯೆ ಹತ್ತಲ್ಲ, ನಿಮಗೇ ಗೊತ್ತಲ್ಲ" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ.

ನಾನು ಡಬ್ಬಿಯನ್ನು ನೋಡಿದೆ. ಆಮೇಲೆ ಹೆಂಡತಿಯನ್ನು ನೋಡಿದೆ. ಗೋಡೆಯಾಚೆಯ ಟಪ್ ಟಪ್ ಅವಳದು! ನಗು ತಾನು ಮಾಡಿದ ಕೆಲಸಕ್ಕೆ ತಾನೇ ನಕ್ಕದ್ದು. ಟ್ಯಾಬ್ಲೆಟ್ ಅವಳ ಸಂಭಾವನೆ. ಎರಡು ವರ್ಷ ನಾನು ಹಲ್ಲು ಕಡಿಯುತ್ತ ತಿಂದು ಮುಗಿಸಿದ್ದು ನನ್ನ ಹೆಂಡತಿಯ ದುಡಿಮೆ. ಎಲ್ಲಿ ಕಲಿತೆ ಎಂದು ಕೇಳಿದರೆ, ಮಂಗಳವಾರ ಚರ್ಚಿನ ಸಭಾಂಗಣದಲ್ಲಿ, ಊರವರ ಸೈಕಲ್ ರಿಪೇರಿ ಮಾಡುತ್ತ ಎಂದಳು. ಮಂಗಳವಾರ ಅವಳು ಹೆಣಿಗೆಗೆ ಹೋಗುತ್ತಾಳೆಂದೇ ನಾನು ನಂಬಿದ್ದೆ. ಇಷ್ಟು ವರ್ಷದಲ್ಲಿ ಒಂದು ಕಾಲುಚೀಲವೂ ಮನೆಗೆ ಬರದಿದ್ದಾಗಲೂ ನನಗೆ ಅನುಮಾನ ಬಂದಿರಲಿಲ್ಲ. ಬೇಡದ ಕಡೆಯೆಲ್ಲ ಅನುಮಾನ ಖರ್ಚಾಗಿಹೋಗಿತ್ತು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಬಾಯಿ ತೆಗೆದೆ. ನೀನು ಯಾರೂ ಕೈ ಹಚ್ಚಕೂಡದು ಅಂದೆ."

ಅವಳು ನನ್ನ ಅಳತೆ ಟೇಪು ತೆಗೆದು ನನ್ನ ರಿಮ್ಮಿಗೆ ಹಿಡಿದಳು. ಹತ್ತೊಂಬತ್ತು ಮಿಲಿಮೀಟರ್. ಟೈರನ್ನು ಫ್ರಿಜ್ಜಿನಿಂದ ಇಳಿಸಿ ನನ್ನ ಸೈಕಲ್ಲಿನ ಪಕ್ಕ ಹಿಡಿದಳು. ರಿಮ್ಮಿಗೆ ಹೇಗೋ ಕೂರಿಸಿದ್ದರೂ ಅದು ಚೌಕಟ್ಟಿಗೆ ಉಜ್ಜಿ ತಿರುಗುತ್ತಲೇ ಇರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಚೀಟಿಯನ್ನು ಓದಿದಳು.

"ನೀನು ಅವರ ಸೈಕಲ್ ಅಳೆದಿದೀಯ ಮಹರಾಯ. ನಿನ್ನದನ್ನ ಒಂದ್ಸಲ ಅಳೆದಿದ್ರೆ ಸಾಕಿತ್ತು."

"ನನ್ನ ಸೈಕಲ್ ಅಳೆದ್ರಾ? ಯಾವಾಗ?" ಎಂದ ಲಾಕ್ಲನ್.

ನಲ್ಲಿ ನೋಡಲು ಬಂದಾಗ ಎಂದು ಒಪ್ಪಿಕೊಂಡೆ.

"ಓ, ಅದಕ್ಕೇ ಅದು ಇನ್ನೂ ಸೋರ್ತಿದೆ" ಎಂದು ಅವನು ಮೂವತ್ತೆರಡನ್ನೂ ತೋರಿಸಿದ. ಇನ್ನರ್‌ಲೀತನ್ನಿನಲ್ಲಿ ನನ್ನ ಕೈಯಿಂದ ತಪ್ಪಿಸಿಕೊಂಡ ಮೊದಲ ನಲ್ಲಿ!

ಐಲ್ಸಾ ಮೆಟ್ಟಿಲ ಕೆಳಗಿನ ಕಪಾಟು ತೆರೆದು, ನನ್ನ ಪೈಪುಗಳ ಹಿಂದಿನಿಂದ ಒಂದು ಕಟ್ಟು ಎಳೆದಳು. ಎರಡು ಸಪೂರ ಟೈರು, ಸರಿಯಾದ ಅಗಲದ ಟೇಪು, ಸರಿಯಾದ ವಾಲ್ವು, ಚಿಕ್ಕ ಬಾಟಲಿ ಹಾಲು. ನೀನು ಕೇಳುತ್ತೀಯೇನೋ ಎಂದು ಮೂರು ವಾರದಿಂದ ಕಾದೆ, ನಾಳೆ ನಿನ್ನ ಜೊತೆ ಹೋಗಬೇಕೆಂದೇ ಇತ್ತು ನನಗೆ ಎಂದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಆ ಕ್ಷಣ ತಲೆ ತಗ್ಗಿಸಿಕೊಂಡು ಅನುಭವಿಸಿದೆ.

ಅವಳಿಗೆ ಬೇಕಾದದ್ದು ಒಂದೊಂದು ಚಕ್ರಕ್ಕೆ ಕಾಲು ಗಂಟೆ ಮತ್ತು ಸಾಮಾನ್ಯ ಪಂಪು. ಟಪ್, ಟಪ್. ಆಮೇಲೆ ಆ ನಗು, ನನ್ನದೇ ಅಡುಗೆಮನೆಯಲ್ಲಿ. ನಾನು ತರಿಸಿದ್ದ ದಪ್ಪ ಟೈರುಗಳನ್ನು ತೊಳೆದು ಲಾಕ್ಲನ್ನನ ಎರಡೂ ಚಕ್ರಗಳಿಗೆ ಹಾಕಿದಳು. ಅಳತೆ ತೆಗೆದು ಹೊಲಿಸಿದಂತೆ ಕೂತವು.

ಶನಿವಾರ ಐಲ್ಸಾ ನನ್ನ ಜೊತೆಗೇ ಬಂದಳು, ರಬ್ಬರಿನ ಕಲೆಗಳಿದ್ದ ಅಂಗಿಯಲ್ಲಿ. ಒಂದೂ ಪಂಕ್ಚರ್ ಆಗಲಿಲ್ಲ, ಮೂವತ್ತೊಂದನೆಯವರಾಗಿ ಬಂದೆವು. ಲಾಕ್ಲನ್ನನೂ ತಂಗಿಯೂ ಮೂವತ್ತನೆಯವರು. ನನ್ನ ಟೈರಿನ ಮೇಲೆ ಗೆದ್ದ ಎಂದು ಒಂದಿಷ್ಟು ಉರಿಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದ ಮೇಲೆ ಐಲ್ಸಾ ತನ್ನ ಕೂಲಿ ಕೇಳಿದಳು. ಎಲ್ಲರೂ ಕೊಡುವುದನ್ನೇ ನಾನೂ ಕೊಡಬೇಕು: ಒಂದು ಡಬ್ಬಿ ಟ್ಯಾಬ್ಲೆಟ್, ಸ್ವಂತ ಕೈಯಲ್ಲಿ ಮಾಡಿದ್ದು. ನನಗೆ ಬರುವುದಿಲ್ಲ ಎಂದರೆ, ಬರುವವರನ್ನು ಕೇಳು ಎಂದಳು. ಭಾನುವಾರ ಅಹಂಕಾರವನ್ನೆಲ್ಲ ಗೋಡೆಯ ಈಚೆ ಬಿಟ್ಟು ಲಾಕ್ಲನ್ನನ ಬಾಗಿಲು ತಟ್ಟಿದೆ. ಮೊದಲು ಅವನ ನಲ್ಲಿ ರಿಪೇರಿ ಮಾಡಿದೆ. ಅವನು ಸಂತೋಷದಿಂದ ಎಲ್ಲ ಬರೆಸಿದ: ಸಕ್ಕರೆ ಇಷ್ಟು, ಬೆಣ್ಣೆ ಇಷ್ಟು, ಗಟ್ಟಿಹಾಲು ಇಷ್ಟು ಡಬ್ಬಿ. ಒಂದಕ್ಷರ ಬಿಡದೆ ಬರೆದುಕೊಂಡು ಬಂದು, ನಮ್ಮ ಪಾತ್ರೆಯಲ್ಲಿ ಸುರಿದು, ಒಲೆಯ ಮೇಲಿಟ್ಟು ಕುದಿಸಿದೆ. ಈ ಸಲ ಎಲ್ಲವನ್ನೂ ಗ್ರಾಮ್ ಲೆಕ್ಕದಲ್ಲಿ ಅಳೆದಿದ್ದೆ.

ಸದ್ದು ಕೇಳಿ ಐಲ್ಸಾ ಬರುವಷ್ಟರಲ್ಲಿ ಅದು ಉಕ್ಕಿ ಒಲೆಯ ಮೇಲೆ ಹರಿದು, ಒಲೆಯ ತೂತುಗಳನ್ನೆಲ್ಲ ಮುಚ್ಚಿಕೊಂಡು ಗಟ್ಟಿಯಾಗುತ್ತಿತ್ತು. ಅವಳು ನಮ್ಮ ಪುಟ್ಟ ಪಾತ್ರೆಯನ್ನು ನೋಡಿದಳು. ಚೀಟಿಯನ್ನು ಎತ್ತಿ ಓದಿದಳು.

"ಎರಡು ಕೆಜಿ ಸಕ್ಕರೆ. ವಾಟಿ, ಇದು ಯಾರ ಪಾತ್ರೆಯ ಅಳತೆ?"

ನಾನು ಒಲೆ ಕೆರೆಯುತ್ತ ತಲೆಯೆತ್ತದೆ ಹೇಳಿದೆ:

"ಲಾಕ್ಲನ್‌ದು."